ದೇಶಕ್ಕೊಂದು ಪ್ರಶ್ನೆಪತ್ರಿಕೆ: ಎಸಿಸಿಎ ಪರೀಕ್ಷೆಯಲ್ಲಿ ಆವೃತ್ತಿಯ ಆಯ್ಕೆ

ಎಸಿಸಿಎ ಎಂಬ ಅಂತಾರಾಷ್ಟ್ರೀಯ ಲೆಕ್ಕಪತ್ರ ಅರ್ಹತೆ ಪಡೆಯಲು ಹದಿಮೂರು ಪತ್ರಿಕೆಗಳಲ್ಲಿ ತೇರ್ಗಡೆಯಾಗಬೇಕು. ಮೊದಲ ಹಂತದಲ್ಲಿ ಮೂರು, ಎರಡನೆಯದರಲ್ಲಿ ಆರು. ಕೊನೆಯ ಹಂತದಲ್ಲಿ ಎರಡು ಕಡ್ಡಾಯ, ಉಳಿದ ನಾಲ್ಕರಲ್ಲಿ ಆರಿಸಿಕೊಂಡ ಎರಡು. ಹೀಗೆ ಒಟ್ಟು ಹದಿನೈದು ವಿಷಯಗಳ ಪಟ್ಟಿಯಲ್ಲಿ ಎಂಟು ವಿಷಯಗಳಿಗೆ ಎಲ್ಲ ದೇಶಗಳಲ್ಲೂ ಒಂದೇ ಪ್ರಶ್ನೆಪತ್ರಿಕೆ. ವೆಚ್ಚದ ಲೆಕ್ಕ, ಹಣಕಾಸು ನಿರ್ವಹಣೆ, ವ್ಯವಹಾರ ನಾಯಕತ್ವದಂಥವು ಈ ಗುಂಪಿನವು. ಉಳಿದ ಏಳಕ್ಕೆ ದೇಶವಾರು ಆವೃತ್ತಿಗಳಿವೆ. ವಿದ್ಯಾರ್ಥಿಗಳ ಮಾತಿನಲ್ಲಿ ಅವು ‘ವೇರಿಯಂಟ್’. ಕಾನೂನು (ಎಲ್‌ಡಬ್ಲ್ಯೂ), ತೆರಿಗೆ (ಟಿಎಕ್ಸ್), ಮುಂದುವರಿದ ತೆರಿಗೆ (ಎಟಿಎಕ್ಸ್), ಹಣಕಾಸು ವರದಿ (ಎಫ್‌ಆರ್), ಮೇಲಿನ ಹಂತದ ವ್ಯವಹಾರ ವರದಿ (ಎಸ್‌ಬಿಆರ್), ಲೆಕ್ಕಪರಿಶೋಧನೆ (ಎಎ) ಮತ್ತು ಮುಂದುವರಿದ ಲೆಕ್ಕಪರಿಶೋಧನೆ (ಎಎಎ) ಆ ಏಳು. ಪರೀಕ್ಷೆಗೆ ಹೆಸರು ನೋಂದಾಯಿಸುವಾಗ ಇವುಗಳ ಎದುರಿಗೆ ಅಭ್ಯರ್ಥಿ ಒಂದು ಆವೃತ್ತಿಯನ್ನು ಗುರುತು ಹಾಕಲೇಬೇಕು. ಕಾನೂನು ಮತ್ತು ತೆರಿಗೆಯಲ್ಲಿ ಆ ಗುರುತು ಮುಂದಿನ ಹಲವು ತಿಂಗಳ ಓದನ್ನೇ ಗೊತ್ತುಪಡಿಸುತ್ತದೆ.

ಆವೃತ್ತಿಗಳು ಏಕೆ ಬೇಕಾದವು

1904ರಲ್ಲಿ ಲಂಡನ್ನಿನಲ್ಲಿ ಎಂಟು ಮಂದಿ ಲೆಕ್ಕಿಗರು ಸೇರಿ ‘ಲಂಡನ್ ಅಸೋಸಿಯೇಷನ್ ಆಫ್ ಅಕೌಂಟೆಂಟ್ಸ್’ ಕಟ್ಟಿದರು. ಎಸಿಸಿಎ ಅದರಿಂದ ಬೆಳೆದು ಬಂದ ಸಂಸ್ಥೆ. ಈಗಿನ ಪೂರ್ಣ ಹೆಸರು ಬಂದದ್ದು 1996ರಲ್ಲಿ. ಬ್ರಿಟಿಷ್ ಆಳ್ವಿಕೆಯಿದ್ದ ಹಲವು ಕಡೆ ಇದಕ್ಕೆ ಸದಸ್ಯರು ಹುಟ್ಟಿಕೊಂಡರು. ಆ ದೇಶಗಳು ಸ್ವತಂತ್ರವಾಗಿ ತಮ್ಮದೇ ಕಂಪನಿ ಕಾಯ್ದೆ, ತೆರಿಗೆ ಕಾಯ್ದೆಗಳನ್ನು ಮಾಡಿಕೊಂಡ ಮೇಲೆ ಲಂಡನ್ನಿನ ಕಾನೂನನ್ನೇ ಎಲ್ಲರಿಗೂ ಕಲಿಸುವುದು ಹೊಂದುತ್ತಿರಲಿಲ್ಲ.

ಈ ತೊಡಕನ್ನು ವೃತ್ತಿಸಂಸ್ಥೆಗಳು ಮೂರು ಬಗೆಯಲ್ಲಿ ಬಿಡಿಸಿಕೊಂಡಿವೆ. ಒಂದೇ ದೇಶದ ಕಾನೂನಿಗೆ ಅಂಟಿಕೊಳ್ಳುವುದು ಮೊದಲನೆಯದು. 1949ರ ಜುಲೈ 1ರಂದು ಸ್ಥಾಪನೆಯಾದ ಭಾರತದ ಐಸಿಎಐ ತನ್ನ ಸಿಎ ಪರೀಕ್ಷೆಯಲ್ಲಿ ಭಾರತದ ಕಾನೂನನ್ನೇ ಕೇಳುತ್ತದೆ. ಅಮೆರಿಕದ ಸಿಪಿಎ ಪರೀಕ್ಷೆಯನ್ನು 2020ರಿಂದ ಭಾರತದಲ್ಲೇ ಕೂತು ಬರೆಯಬಹುದಾದರೂ ಅದರ ತೆರಿಗೆ ಭಾಗ ಅಮೆರಿಕದ ಒಕ್ಕೂಟ ತೆರಿಗೆಯದೇ. ಬೆಂಗಳೂರಿನಲ್ಲಿ ಬರೆದವರಿಗೂ ಷಿಕಾಗೋದಲ್ಲಿ ಬರೆದವರಿಗೂ ಅದೇ ಪತ್ರಿಕೆ. ನೆಲದ ಕಾನೂನನ್ನು ಆದಷ್ಟು ಹಿಂದಕ್ಕೆ ಸರಿಸುವುದು ಎರಡನೆಯ ಬಗೆ. ಸಿಐಎಂಎ ಎಂಬ ವೃತ್ತಿಸಂಸ್ಥೆ ನಿರ್ವಹಣಾ ಲೆಕ್ಕಕ್ಕೆ ಒತ್ತು ಕೊಟ್ಟದ್ದರಿಂದ ಅದಕ್ಕೆ ದೇಶವಾರು ಪತ್ರಿಕೆಗಳ ಗೋಜು ಬರಲಿಲ್ಲ. ಎಸಿಸಿಎ ಹಿಡಿದದ್ದು ಮೂರನೆಯ ದಾರಿ: ಅರ್ಹತೆ ಒಂದೇ, ನೆಲದ ಕಾನೂನು ತಾಕುವ ಕಡೆ ಮಾತ್ರ ಪತ್ರಿಕೆ ಬೇರೆ.

ಭಾರತದ ಆವೃತ್ತಿ ಇಲ್ಲ

ಕಾನೂನು ಮತ್ತು ತೆರಿಗೆ ಪತ್ರಿಕೆಗಳಿಗೆ ಬ್ರಿಟನ್, ಐರ್ಲೆಂಡ್, ಸಿಂಗಪುರ, ಮಲೇಷ್ಯಾ, ದಕ್ಷಿಣ ಆಫ್ರಿಕಾ, ವಿಯೆಟ್ನಾಂ ಮೊದಲಾದ ದೇಶಗಳ ಆವೃತ್ತಿಗಳು ಬಂದಿವೆ. ಭಾರತದ ಆವೃತ್ತಿ ಮಾತ್ರ ಇಲ್ಲ. ಇದರ ಹಿನ್ನೆಲೆ ನಮ್ಮ ಕಾನೂನಿನಲ್ಲೇ ಕಾಣುತ್ತದೆ. 2013ರ ಕಂಪನಿ ಕಾಯ್ದೆಯ 141ನೇ ಸೆಕ್ಷನ್ ಪ್ರಕಾರ ಕಂಪನಿಯೊಂದರ ಲೆಕ್ಕಪರಿಶೋಧಕರಾಗಲು ಚಾರ್ಟರ್ಡ್ ಅಕೌಂಟೆಂಟ್ ಆಗಿರಬೇಕು. 1949ರ ಸಿಎ ಕಾಯ್ದೆಯ ಅರ್ಥದಲ್ಲಿ ಅದು ಐಸಿಎಐ ಸದಸ್ಯತ್ವ. ಎಸಿಸಿಎ ಸದಸ್ಯರು ಈ ದೇಶದ ಕಂಪನಿಯ ಅಡಾವೆ ಪತ್ರಿಕೆಗೆ ಆಡಿಟರ್ ಆಗಿ ಸಹಿ ಹಾಕುವಂತಿಲ್ಲ. ಸಹಿಯ ಹಕ್ಕಿಲ್ಲದ ಕಡೆ ಆ ನೆಲದ ಕಾನೂನಿನ ಪತ್ರಿಕೆಯಿಂದ ಹೆಚ್ಚಿನ ಪ್ರಯೋಜನವೂ ಇಲ್ಲ.

ಹಾಗಾಗಿ ಮಲೇಷ್ಯಾದ ವಿದ್ಯಾರ್ಥಿಗೆ ಇರುವ ಪ್ರಶ್ನೆ ಭಾರತೀಯ ವಿದ್ಯಾರ್ಥಿಗೆ ಇಲ್ಲ. ಅಲ್ಲಿಯವರು ತಮ್ಮ ದೇಶದ ಕಾನೂನೋ ಬೇರೆಯದೋ ಎಂದು ಯೋಚಿಸುತ್ತಾರೆ. ಇಲ್ಲಿಯವರು ಯಾವುದನ್ನು ಆರಿಸಿದರೂ ಅದು ಪರದೇಶದ ಕಾನೂನೇ. ಯಾವ ಪರದೇಶದ ಕಾನೂನು ಮುಂದೆ ಕೈಗೆ ಬಂದೀತು ಎಂಬುದಷ್ಟೇ ಅವರು ನೋಡಬೇಕಾದದ್ದು, ಅದನ್ನು ಪತ್ರಿಕೆಗೊಂದರಂತೆ ಬಿಡಿಬಿಡಿಯಾಗಿ ನೋಡಬೇಕು.

ಕಾನೂನು ಪತ್ರಿಕೆ: ಕಳೆದುಹೋದ ಒಂದು ಕಾಗದ

ಕಾನೂನು ಪತ್ರಿಕೆ ಎರಡು ಗಂಟೆಯದು. 70 ಅಂಕ ವಸ್ತುನಿಷ್ಠ ಪ್ರಶ್ನೆಗಳಿಗೆ, 30 ಅಂಕ ಸನ್ನಿವೇಶ ಕೊಟ್ಟು ಕೇಳುವ ಪ್ರಶ್ನೆಗಳಿಗೆ. ಭಾರತದಲ್ಲಿ ಆಯ್ಕೆ ನಡೆಯುವುದು ಹೆಚ್ಚಾಗಿ ಇಂಗ್ಲೆಂಡ್ ಆವೃತ್ತಿ ಮತ್ತು ಜಾಗತಿಕ ಆವೃತ್ತಿಗಳ ನಡುವೆ. ಎರಡನ್ನೂ ಅಭ್ಯರ್ಥಿ ತನಗೆ ಬೇಕಾದ ದಿನ ಕಂಪ್ಯೂಟರಿನಲ್ಲಿ ಬರೆಯಬಹುದು. ಇಂಗ್ಲೆಂಡ್ ಆವೃತ್ತಿಯ ಜೀವಾಳ ಅಲ್ಲಿನ ಒಪ್ಪಂದ ಕಾನೂನು, ನಿರ್ಲಕ್ಷ್ಯದ ಹೊಣೆ, ಉದ್ಯೋಗ ಕಾನೂನು. ಜಾಗತಿಕ ಆವೃತ್ತಿ ಇವುಗಳ ಜಾಗದಲ್ಲಿ ಅಂತಾರಾಷ್ಟ್ರೀಯ ವ್ಯಾಪಾರದ ಕಾನೂನನ್ನು ತರುತ್ತದೆ. 1980ರಲ್ಲಿ ವಿಯೆನ್ನಾದಲ್ಲಿ ಅಂಗೀಕಾರವಾಗಿ 1988ರಲ್ಲಿ ಜಾರಿಗೆ ಬಂದ ವಿಶ್ವಸಂಸ್ಥೆಯ ಸರಕು ಮಾರಾಟ ಒಪ್ಪಂದ ಇದರ ತಿರುಳು.

ಎರಡರ ಅಂತರ ಒಂದು ಉದಾಹರಣೆಯಲ್ಲಿ ಸ್ಪಷ್ಟವಾಗುತ್ತದೆ. ಕೃಷ್ಣಗಿರಿ ಸೀಮೆಯ ಮಾವಿನ ಪಲ್ಪ್ ಕಾರ್ಖಾನೆಯೊಂದಕ್ಕೆ ರಾಟರ್‌ಡ್ಯಾಮಿನ ವ್ಯಾಪಾರಿಯಿಂದ ಕಾಗದ ಬರುತ್ತದೆ: ಇಷ್ಟು ಟನ್ ಪಲ್ಪನ್ನು ಈ ದರಕ್ಕೆ ಕೊಳ್ಳಲು ಸಿದ್ಧ. ಕಾರ್ಖಾನೆಯವರು ‘ಒಪ್ಪಿದೆ’ ಎಂದು ಬರೆದು ಸೋಮವಾರ ಅಂಚೆಗೆ ಹಾಕುತ್ತಾರೆ. ಆ ಕಾಗದ ದಾರಿಯಲ್ಲೇ ಕಳೆದುಹೋಗುತ್ತದೆ. ಒಪ್ಪಂದ ಆಯಿತೋ ಇಲ್ಲವೋ?

ಇಂಗ್ಲೆಂಡ್ ಆವೃತ್ತಿ ಬರೆಯುವ ವಿದ್ಯಾರ್ಥಿ ‘ಆಯಿತು, ಸೋಮವಾರವೇ’ ಎಂದು ಉತ್ತರಿಸಬೇಕು. ಉಣ್ಣೆ ಮಾರಾಟದ ಜಗಳವೊಂದರಲ್ಲಿ, 1818ರ ಆಡಮ್ಸ್ ವಿರುದ್ಧ ಲಿಂಡ್ಸೆಲ್ ಮೊಕದ್ದಮೆಯಲ್ಲಿ, ಹುಟ್ಟಿದ ಅಂಚೆ ನಿಯಮದಂತೆ ಕಾಗದ ಅಂಚೆಗೆ ಬಿದ್ದ ಗಳಿಗೆಯಲ್ಲೇ ಒಪ್ಪಿಗೆ ಪೂರ್ಣ. ಜಾಗತಿಕ ಆವೃತ್ತಿಯ ಉತ್ತರ ‘ಆಗಲಿಲ್ಲ’. ವಿಯೆನ್ನಾ ಒಪ್ಪಂದದ 18ನೇ ವಿಧಿಯಂತೆ ಒಪ್ಪಿಗೆ ಪ್ರಸ್ತಾವ ಮಾಡಿದವರ ಕೈಸೇರಬೇಕು. ಭಾರತದ 1872ರ ಒಪ್ಪಂದ ಕಾಯ್ದೆಯ 4ನೇ ಸೆಕ್ಷನ್ ಈ ಎರಡರ ನಡುವೆ ನಿಲ್ಲುತ್ತದೆ: ಅಂಚೆಗೆ ಹಾಕಿದೊಡನೆ ಪ್ರಸ್ತಾವ ಮಾಡಿದವರು ಕಟ್ಟುಬೀಳುತ್ತಾರೆ, ಒಪ್ಪಿದವರು ಕಟ್ಟುಬೀಳುವುದು ಆ ಒಪ್ಪಿಗೆ ಎದುರಿನವರ ತಿಳಿವಿಗೆ ಬಂದಾಗ. ರಾಟರ್‌ಡ್ಯಾಮಿನವರು ಸೋಮವಾರದಿಂದಲೇ ಸಿಕ್ಕಿಕೊಂಡರೂ ಕಾಗದ ತಲುಪುವ ಮೊದಲು ಕಾರ್ಖಾನೆಯವರು ಫೋನ್ ಮಾಡಿ ಹಿಂದೆ ಸರಿಯಬಹುದು.

ಪ್ರತಿಫಲದ ವಿಷಯದಲ್ಲೂ ಹೀಗೇ. ಪ್ರತಿಫಲವಿಲ್ಲದ ಮಾತಿಗೆ ಇಂಗ್ಲಿಷ್ ಕಾನೂನಿನಲ್ಲಿ ಬೆಲೆ ಕಡಿಮೆ. ಭಾರತದ ಕಾಯ್ದೆಯ 25ನೇ ಸೆಕ್ಷನ್ ಕೂಡ ಕೆಲವು ವಿನಾಯಿತಿ ಬಿಟ್ಟು ಅಂಥ ಕರಾರನ್ನು ಅನೂರ್ಜಿತ ಎನ್ನುತ್ತದೆ. ವಿಯೆನ್ನಾ ಒಪ್ಪಂದ ಪ್ರತಿಫಲವನ್ನು ಕೇಳುವುದೇ ಇಲ್ಲ. ಒಟ್ಟಿನಲ್ಲಿ ಬಿ.ಕಾಂ. ತರಗತಿಯಲ್ಲಿ 1872ರ ಕಾಯ್ದೆ ಓದಿ ಬಂದವರಿಗೆ ಇಂಗ್ಲೆಂಡ್ ಆವೃತ್ತಿ ಪರಿಚಿತ ಅನ್ನಿಸುತ್ತದೆ, ಏಕೆಂದರೆ ನಮ್ಮ ಕಾಯ್ದೆಯ ತಾಯಿಬೇರು ಅಲ್ಲಿದೆ. ಅದೇ ಪರಿಚಯ ಎಡವಿಸುವುದೂ ಉಂಟು. ಬಾಯಿಗೆ ಬಂದ ಉತ್ತರ ಭಾರತದ್ದಾಗಿ ಅಂಕ ಹೋಗುತ್ತದೆ.

ಜಾಗತಿಕ ಆವೃತ್ತಿಯ ಪರವಾಗಿ ಇರುವ ಮಾತು ರಫ್ತು-ಆಮದಿನ ಉಪಯೋಗ. ಭಾರತ ವಿಯೆನ್ನಾ ಒಪ್ಪಂದಕ್ಕೆ ಸೇರಿಲ್ಲ ನಿಜ. ಆದರೆ ನೆದರ್‌ಲ್ಯಾಂಡ್ಸ್, ಜರ್ಮನಿ, ಸಿಂಗಪುರ ಸೇರಿವೆ. ಕರಾರಿಗೆ ಆ ದೇಶಗಳ ಕಾನೂನು ಅನ್ವಯವಾದಾಗ ಅದರ ಬೆನ್ನಿಗೆ ಈ ಒಪ್ಪಂದವೂ ಬರುವ ಸಾಧ್ಯತೆ ಇದೆ. ಎಫ್‌ಒಬಿ, ಸಿಐಎಫ್‌ನಂಥ ಪದಗಳ ಅರ್ಥ ನಿಗದಿ ಮಾಡುವ ಇನ್‌ಕೋಟರ್ಮ್ಸ್ ಅಂತೂ ಭಾರತದ ಬಂದರುಗಳಲ್ಲಿ ದಿನನಿತ್ಯದ ಬಳಕೆ. ಕಂಪನಿ ಕಾನೂನಿನ ಭಾಗದಲ್ಲಿ ಎರಡೂ ಆವೃತ್ತಿಗಳು ಹತ್ತಿರ ಬರುತ್ತವೆ. ಕಂಪನಿ ಬೇರೆ, ಅದರ ಒಡೆಯ ಬೇರೆ ಎಂದು ಸಾರಿದ 1897ರ ಸಾಲೊಮನ್ ತೀರ್ಪು ಭಾರತದ ತರಗತಿಯಲ್ಲೂ ಮೊದಲ ಪಾಠವೇ. ಬ್ರಿಟನ್ನಿನಲ್ಲಿ ನೆಲೆಸುವ ಗುರಿ ಇಲ್ಲದವರಿಗೆ ಜಾಗತಿಕ ಆವೃತ್ತಿ ಹೆಚ್ಚು ಒಗ್ಗುತ್ತದೆ.

ತೆರಿಗೆ ಪತ್ರಿಕೆ: ಜಾಗತಿಕ ತೆರಿಗೆ ಎಂಬುದಿಲ್ಲ

ತೆರಿಗೆಯಲ್ಲಿ ಆ ಅನುಕೂಲವಿಲ್ಲ. ಎಲ್ಲ ದೇಶಗಳಿಗೂ ಹೊಂದುವ ತೆರಿಗೆ ಕಾಯ್ದೆ ಎಲ್ಲೂ ಇಲ್ಲದ್ದರಿಂದ ಟಿಎಕ್ಸ್ ಪತ್ರಿಕೆಗೆ ಜಾಗತಿಕ ಆವೃತ್ತಿಯೂ ಇಲ್ಲ. ಭಾರತೀಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಬ್ರಿಟನ್ ಆವೃತ್ತಿಯನ್ನೇ ಬರೆಯುತ್ತಾರೆ. ಪಠ್ಯ, ತರಬೇತಿ, ಹಳೆಯ ಪ್ರಶ್ನೆಗಳು ಅದಕ್ಕೇ ಹೆಚ್ಚು ಸಿಗುತ್ತವೆ ಎಂಬುದು ಇದಕ್ಕೆ ದೊಡ್ಡ ಕಾರಣ.

ಬ್ರಿಟನ್ನಿನ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ. ಅಲ್ಲಿ 60,000 ಪೌಂಡ್ ಸಂಬಳದವರ ಲೆಕ್ಕ ಹೀಗಿರುತ್ತದೆ. ಮೊದಲು 12,570 ಪೌಂಡ್ ವೈಯಕ್ತಿಕ ವಿನಾಯಿತಿ ಕಳೆಯಬೇಕು. ತೆರಿಗೆಗೆ ಉಳಿಯುವುದು 47,430. ಅದರಲ್ಲಿ ಮೊದಲ 37,700ಕ್ಕೆ 20 ಶೇಕಡಾದಂತೆ 7,540, ಮಿಕ್ಕ 9,730ಕ್ಕೆ 40 ಶೇಕಡಾದಂತೆ 3,892. ಒಟ್ಟು 11,432 ಪೌಂಡ್. ಸಂಬಳ 1,10,000 ಪೌಂಡಾದರೆ ಇನ್ನೊಂದು ತಿರುವು: ಒಂದು ಲಕ್ಷ ದಾಟಿದ ಪ್ರತಿ ಎರಡು ಪೌಂಡಿಗೆ ವಿನಾಯಿತಿಯಲ್ಲಿ ಒಂದು ಪೌಂಡ್ ಕರಗಿ ಅದು 7,570ಕ್ಕೆ ಇಳಿಯುತ್ತದೆ. ತೆರಿಗೆ 33,432 ಪೌಂಡಿಗೆ ಏರುತ್ತದೆ.

ಭಾರತದ ಹೊಸ ಪದ್ಧತಿಯ ಜಾಡು ಬೇರೆ. 2025-26ರ ಆರ್ಥಿಕ ವರ್ಷದಲ್ಲಿ ನಾಲ್ಕು ಲಕ್ಷದಿಂದಾಚೆಗೆ ಹಂತ ಹಂತವಾಗಿ ದರ ಬೀಳುತ್ತದೆ. ಹನ್ನೆರಡು ಲಕ್ಷದವರೆಗಿನ ಆದಾಯಕ್ಕೆ ಬಿದ್ದ ತೆರಿಗೆಯನ್ನು ಕೊನೆಯಲ್ಲಿ ರಿಯಾಯಿತಿ ಕೊಟ್ಟು ಸೊನ್ನೆ ಮಾಡಲಾಗುತ್ತದೆ. ಬ್ರಿಟನ್ನಿನದು ಆದಾಯದಲ್ಲೇ ಮೊದಲು ಕಳೆಯುವ ಲೆಕ್ಕ, ಇಲ್ಲಿಯದು ತೆರಿಗೆಯಲ್ಲಿ ಕೊನೆಗೆ ಕಳೆಯುವ ಲೆಕ್ಕ. ಅಲ್ಲಿ ಸತ್ತವರ ಆಸ್ತಿಯ ಮೇಲೆ 3,25,000 ಪೌಂಡ್ ದಾಟಿದ ಮೇಲೆ 40 ಶೇಕಡಾ ಉತ್ತರಾಧಿಕಾರ ತೆರಿಗೆಯಿದೆ. ಭಾರತ ಅಂಥ ಎಸ್ಟೇಟ್ ಡ್ಯೂಟಿಯನ್ನು 1985ರಲ್ಲೇ ಕೈಬಿಟ್ಟಿತು. ದರಗಳ ಪಟ್ಟಿಯನ್ನು ಪರೀಕ್ಷೆಯಲ್ಲಿ ಕೊಡುವುದರಿಂದ ಬಾಯಿಪಾಠ ಬೇಕಿಲ್ಲ. ಯಾವುದರ ನಂತರ ಯಾವುದು ಎಂಬ ಕ್ರಮ ಕೈಗೆ ಬಂದಿರಬೇಕು.

ಇಲ್ಲಿ ಹಳೆಯ ಪುಸ್ತಕ ಕೈಕೊಡುತ್ತದೆ. ಬ್ರಿಟನ್ನಿನ ಹಣಕಾಸು ಕಾಯ್ದೆ ಜುಲೈ 31ರೊಳಗೆ ಅಂಗೀಕಾರವಾದರೆ ಅದು ಮುಂದಿನ ವರ್ಷದ ಜೂನ್‌ನಿಂದ ಅದರಾಚೆಯ ಮಾರ್ಚ್‌ವರೆಗಿನ ಪರೀಕ್ಷೆಗಳಿಗೆ ಅನ್ವಯ. ಮಾರ್ಚ್‌ನಲ್ಲಿ ಬರೆದು ಫೇಲಾದವರು ಅದೇ ಪುಸ್ತಕ ಹಿಡಿದು ಜೂನ್‌ನಲ್ಲಿ ಕೂತರೆ ಕಾಯ್ದೆಯೇ ಬದಲಾಗಿರುತ್ತದೆ.

ಬೇರೆ ದೇಶದ ತೆರಿಗೆ ಆವೃತ್ತಿ ಯಾರಿಗೆ ಸರಿ? ಆ ದೇಶದಲ್ಲಿ ಕೆಲಸ ಗೊತ್ತಾದವರಿಗೆ ಮಾತ್ರ. ಸಿಂಗಪುರದಲ್ಲಿ ಬಂಡವಾಳ ಲಾಭಕ್ಕೆ ತೆರಿಗೆಯಿಲ್ಲ, ಕಂಪನಿ ತೆರಿಗೆ 17 ಶೇಕಡಾ, ಜಿಎಸ್‌ಟಿ 2024ರಿಂದ 9 ಶೇಕಡಾ. ಅಲ್ಲಿನ ಕಚೇರಿಗೆ ಸೇರುವವರಿಗೆ ಬ್ರಿಟನ್ನಿನ ಬಂಡವಾಳ ಲಾಭದ ಅಧ್ಯಾಯದಿಂದ ಏನೂ ಆಗಬೇಕಿಲ್ಲ. ಕೊಲ್ಲಿಗೆ ಹೋಗುವವರ ಸ್ಥಿತಿ ವಿಚಿತ್ರ. ಯುಎಇಯಲ್ಲಿ ಸಂಬಳಕ್ಕೆ ತೆರಿಗೆಯಿಲ್ಲ; 2018ರಿಂದ 5 ಶೇಕಡಾ ವ್ಯಾಟ್, 2023ರ ಜೂನ್‌ನಿಂದ 3,75,000 ದಿರ್ಹಾಂ ಮೀರಿದ ಲಾಭಕ್ಕೆ 9 ಶೇಕಡಾ ಕಂಪನಿ ತೆರಿಗೆ ಬಂದಿದೆ. ಅದಕ್ಕೆ ಹೊಂದುವ ಆವೃತ್ತಿ ಇಲ್ಲದ್ದರಿಂದ ಮಂಗಳೂರು, ಕಾಸರಗೋಡಿನಿಂದ ದುಬೈಗೆ ಹೊರಟವರೂ ಬ್ರಿಟನ್ನಿನ ಪತ್ರಿಕೆಯನ್ನೇ ಬರೆಯುತ್ತಾರೆ. ಅದರ ವ್ಯಾಟ್ ಮತ್ತು ಕಂಪನಿ ತೆರಿಗೆ ಭಾಗಗಳಿಂದ ಕ್ರಮ ತಿಳಿಯುತ್ತದೆ, ದರಗಳನ್ನು ಅಲ್ಲಿಗೆ ಹೋದ ಮೇಲೆ ಕಲಿಯಬೇಕು.

ವರದಿ ಮತ್ತು ಲೆಕ್ಕಪರಿಶೋಧನೆ: ಗಡಿ ದಾಟಿದ ಮಾನದಂಡಗಳು

ಎಫ್‌ಆರ್, ಎಸ್‌ಬಿಆರ್, ಎಎ, ಎಎಎ ಪತ್ರಿಕೆಗಳಲ್ಲಿ ಆಯ್ಕೆ ಸುಲಭ. ಇವುಗಳ ಅಂತಾರಾಷ್ಟ್ರೀಯ ಆವೃತ್ತಿ ಐಎಫ್‌ಆರ್‌ಎಸ್ ಮತ್ತು ಐಎಸ್‌ಎ ಎಂಬ ಜಾಗತಿಕ ಮಾನದಂಡಗಳ ಮೇಲೆ ನಿಂತಿದೆ. ಬ್ರಿಟನ್ ಆವೃತ್ತಿ ಅದಕ್ಕೆ ಅಲ್ಲಿನ ಕಂಪನಿ ಕಾಯ್ದೆ, ಅಲ್ಲಿನ ಮಾನದಂಡಗಳ ವ್ಯತ್ಯಾಸಗಳನ್ನು ಸೇರಿಸುತ್ತದೆ. ಭಾರತಕ್ಕೆ ತನ್ನ ಆವೃತ್ತಿ ಇಲ್ಲದಿದ್ದರೂ ಇಲ್ಲಿನ ಮಾನದಂಡಗಳು ಅಂತಾರಾಷ್ಟ್ರೀಯ ಆವೃತ್ತಿಯ ನೆರೆಮನೆಯವು. 500 ಕೋಟಿ ರೂಪಾಯಿ ಅಥವಾ ಹೆಚ್ಚಿನ ನಿವ್ವಳ ಮೌಲ್ಯದ ಕಂಪನಿಗಳಿಗೆ 2016ರ ಏಪ್ರಿಲ್ 1ರಿಂದ ಕಡ್ಡಾಯವಾದ ಇಂಡ್ ಎಎಸ್ ಮಾನದಂಡಗಳು ಐಎಫ್‌ಆರ್‌ಎಸ್ ಅನ್ನು ಹೆಚ್ಚುಕಡಿಮೆ ಹೆಜ್ಜೆ ಹೆಜ್ಜೆಗೂ ಅನುಸರಿಸುತ್ತವೆ. ಐಎಫ್‌ಆರ್‌ಎಸ್ 15 ಇಲ್ಲಿ ಇಂಡ್ ಎಎಸ್ 115, ಐಎಫ್‌ಆರ್‌ಎಸ್ 16 ಇಲ್ಲಿ ಇಂಡ್ ಎಎಸ್ 116. ಲೆಕ್ಕಪರಿಶೋಧನೆಯಲ್ಲಂತೂ ಸಂಖ್ಯೆಯೂ ಬದಲಾಗಿಲ್ಲ: ಐಎಸ್‌ಎ 315 ಇಲ್ಲಿ ಎಸ್‌ಎ 315.

ಬೇರ್ಪಡುವ ಕಡೆಗಳೂ ಇವೆ. ಒಂದು ಕಂಪನಿಯನ್ನು ಅದರ ನ್ಯಾಯವಾದ ಬೆಲೆಗಿಂತ ಅಗ್ಗಕ್ಕೆ ಕೊಂಡಾಗ ಉಳಿದ ಲಾಭವನ್ನು ಐಎಫ್‌ಆರ್‌ಎಸ್ 3 ನೇರವಾಗಿ ಲಾಭ-ನಷ್ಟಕ್ಕೆ ತರುತ್ತದೆ. ಇಂಡ್ ಎಎಸ್ 103 ಅದನ್ನು ಇತರ ಸಮಗ್ರ ಆದಾಯದ ಮೂಲಕ ಬಂಡವಾಳ ಮೀಸಲಿಗೆ ಒಯ್ಯುತ್ತದೆ. ಆಡಿಟರ್ ವರದಿಗೆ ಕಾರೊ 2020 ಎಂಬ ಆದೇಶದ ಪ್ರಶ್ನಾವಳಿ ಸೇರುವುದು ಭಾರತದಲ್ಲಿ ಮಾತ್ರ. ಇಂಥ ಕೆಲವನ್ನು ಗುರುತಿಟ್ಟುಕೊಂಡರೆ ಅಂತಾರಾಷ್ಟ್ರೀಯ ಆವೃತ್ತಿ ಓದಿದವರು ಭಾರತದ ದೊಡ್ಡ ಕಂಪನಿಯ ಲೆಕ್ಕದಲ್ಲಿ ತಡವರಿಸುವುದಿಲ್ಲ.

ಸಹಿಯ ಹಕ್ಕು

ಈ ಸುಲಭದ ಆಯ್ಕೆಗೂ ಒಂದು ಅಪವಾದವಿದೆ. ಬ್ರಿಟನ್ನಿನಲ್ಲಿ ಶಾಸನಬದ್ಧ ಆಡಿಟರ್ ಆಗಿ ಸಹಿ ಹಾಕುವ ಗುರಿಯಿರುವವರು ಬ್ರಿಟನ್ ಆವೃತ್ತಿಯ ಕಾನೂನು, ತೆರಿಗೆ, ವರದಿ ಮತ್ತು ಲೆಕ್ಕಪರಿಶೋಧನೆ ಪತ್ರಿಕೆಗಳ ಷರತ್ತನ್ನು ಮೊದಲೇ ತಿಳಿದುಕೊಳ್ಳಬೇಕು. ಅಂತಾರಾಷ್ಟ್ರೀಯ ಆವೃತ್ತಿ ಬರೆದು ಸದಸ್ಯರಾದವರಿಗೆ ಸದಸ್ಯತ್ವದಲ್ಲಿ ಕೊರತೆಯೇನೂ ಇಲ್ಲ. ಅಲ್ಲಿನ ಆಡಿಟ್ ಸಹಿಗೆ ಹೊರಟಾಗ ಬಾಕಿ ಪತ್ರಿಕೆ ಎದುರಾಗುತ್ತದೆ. ಸಿಂಗಪುರದಲ್ಲಿ ಸಾರ್ವಜನಿಕ ಲೆಕ್ಕಿಗರ ನೋಂದಣಿ ‘ಅಕ್ರಾ’ ಎಂಬ ಸರ್ಕಾರಿ ಪ್ರಾಧಿಕಾರದ ಕೈಯಲ್ಲಿದೆ, ಅಲ್ಲಿಯೂ ಷರತ್ತು ನೋಡಿಯೇ ಆವೃತ್ತಿ ಗುರುತಿಸಬೇಕು. ಲೆಕ್ಕ ಬರೆಯುವ, ವರದಿ ತಯಾರಿಸುವ, ವಿಶ್ಲೇಷಿಸುವ ಕೆಲಸಕ್ಕೆ ಹೋಗುವವರಿಗೆ ಈ ಚಿಂತೆ ಇಲ್ಲ.

ಅದಿಯಮಾನ್‌ಕೋಟೆಯಿಂದ ನೋಡಿದರೆ

ತಮಿಳುನಾಡಿನ ಧರ್ಮಪುರಿಗೆ ತೆಂಕಣ ದಿಕ್ಕಿನ ಅದಿಯಮಾನ್‌ಕೋಟೆಯಲ್ಲಿ ಎರಡು ಹೆದ್ದಾರಿಗಳು ಕೂಡುತ್ತವೆ. ಸೇಲಂನಿಂದ ಕೃಷ್ಣಗಿರಿಯ ಮೇಲೆ ಬೆಂಗಳೂರಿಗೆ ಹೋಗುವ 44ನೇ ಹೆದ್ದಾರಿ ಒಂದು. ಪಾಲಕ್ಕೋಡು, ರಾಯಕೋಟೆ, ಹೊಸೂರುಗಳನ್ನು ಹಾದು ಕರ್ನಾಟಕದ ನೇರಳೂರು ಸೇರುವ 844ನೇ ಹೆದ್ದಾರಿ ಇನ್ನೊಂದು. ಈ ದಾರಿಗಳ ಉದ್ದಕ್ಕೂ ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಲ್ಲಿ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ಕುಟುಂಬಗಳಿವೆ. ಅವರ ಮಕ್ಕಳು ಸೇಲಂನ ಪೆರಿಯಾರ್ ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಬಿ.ಕಾಂ. ಮುಗಿಸಿ ಮುಂದಿನ ಓದಿಗೆ ಬೆಂಗಳೂರಿನತ್ತ ನೋಡುವುದು ಸಹಜ. ಎಸಿಸಿಎ ಪರೀಕ್ಷೆಯ ಭಾಷೆ ಇಂಗ್ಲಿಷ್. ಮನೆಯ ಜಮಾ-ಖರ್ಚು, ಕಾಲೇಜಿನ ವರವು-ಸೆಲವು ಎರಡನ್ನೂ ಬಲ್ಲವರಿಗೆ ಇದು ಲೆಕ್ಕದ ಮೂರನೆಯ ಭಾಷೆ.

ಇಲ್ಲಿಂದ ಹೊರಡುವ ದಾರಿಗಳಂತೆ ಆವೃತ್ತಿಯೂ ಬೇರೆಯಾಗುತ್ತದೆ. ಬೆಂಗಳೂರಿನಲ್ಲಿ ಬ್ರಿಟಿಷ್ ಕಂಪನಿಗಳ ಲೆಕ್ಕ, ತೆರಿಗೆ ಕೆಲಸ ಮಾಡುವ ಸೇವಾ ಕೇಂದ್ರಗಳಿಗೆ ಸೇರುವವರಿಗೆ ಟಿಎಕ್ಸ್ ಮತ್ತು ಎಟಿಎಕ್ಸ್‌ನ ಬ್ರಿಟನ್ ಆವೃತ್ತಿ ಮರುದಿನದಿಂದಲೇ ಕೆಲಸಕ್ಕೆ ಬರುತ್ತದೆ. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟನ್ ಕಾರ್ಖಾನೆಗಳಿರುವ ಹೊಸೂರಿನ ಕೈಗಾರಿಕೆಗಳ ಲೆಕ್ಕ ವಿಭಾಗಕ್ಕೆ ಹೋಗುವವರಿಗೆ ಬೇಕಾದದ್ದು ಇಂಡ್ ಎಎಸ್‌ಗೆ ಹತ್ತಿರದ ಅಂತಾರಾಷ್ಟ್ರೀಯ ವರದಿ ಪತ್ರಿಕೆಗಳು, ರಫ್ತಿಗೆ ಒದಗುವ ಜಾಗತಿಕ ಕಾನೂನು ಪತ್ರಿಕೆ. ಭಾರತದ ಆದಾಯ ತೆರಿಗೆ, ಜಿಎಸ್‌ಟಿಗಳನ್ನು ಅವರು ಹೊರಗೆ ಕಲಿಯಬೇಕು. ತಮಿಳು ಅಧಿಕೃತ ಭಾಷೆಗಳಲ್ಲೊಂದಾದ ಸಿಂಗಪುರಕ್ಕೆ ತಮಿಳುನಾಡಿನ ನಂಟು ಹಳೆಯದು. ಅಲ್ಲಿಗೆ ಹೋಗುವುದು ಖಾತ್ರಿಯಾದವರಿಗಷ್ಟೇ ಅಲ್ಲಿನ ಆವೃತ್ತಿಯಿಂದ ಲಾಭ. ಊರಿನಲ್ಲೇ ಆಡಿಟರ್ ಕಚೇರಿ ತೆರೆಯುವ ಆಸೆಯುಳ್ಳವರಿಗೆ ಯಾವ ಆವೃತ್ತಿಯೂ ನೆರವಾಗದು, ಅವರ ದಾರಿ ಸಿಎ.

ವಿನಾಯಿತಿ ಮತ್ತು ಬದಲಾವಣೆ

ಮೊದಲೇ ಓದಿದ್ದಕ್ಕೆ ಎಸಿಸಿಎ ಕೆಲವು ಪತ್ರಿಕೆಗಳಿಂದ ವಿನಾಯಿತಿ ಕೊಡುತ್ತದೆ. ಬಿ.ಕಾಂ. ಪದವೀಧರರಿಗೆ ಸಿಗುವುದು ಅವರ ಪಠ್ಯಕ್ರಮವನ್ನು ಅವಲಂಬಿಸಿರುತ್ತದೆ. ಸಿಎ ಮುಗಿಸಿದವರಿಗೆ ಮೊದಲೆರಡು ಹಂತದ ಒಂಬತ್ತೂ ಪತ್ರಿಕೆಗಳಿಂದ ವಿನಾಯಿತಿ ಪಡೆಯುವ ದಾರಿಯಿದೆ. ಇದರಲ್ಲಿ ಒಂದು ಹಳ್ಳವೂ ಇದೆ. ಭಾರತದ ತೆರಿಗೆ ಓದಿದ್ದಕ್ಕೆ ಟಿಎಕ್ಸ್ ವಿನಾಯಿತಿ ಸಿಕ್ಕವರು ಮೇಲಿನ ಹಂತದಲ್ಲಿ ಎಟಿಎಕ್ಸ್ ಬ್ರಿಟನ್ ಆವೃತ್ತಿ ಆರಿಸಿದರೆ ಬ್ರಿಟನ್ ತೆರಿಗೆಯ ಮೊದಲ ಪಾಠವೇ ಅವರಿಗೆ ಆಗಿರುವುದಿಲ್ಲ. ಅಂಥವರು ಟಿಎಕ್ಸ್ ಪುಸ್ತಕವನ್ನು ತಾವೇ ಓದಿ ಮುಂದಕ್ಕೆ ಹೋಗಬೇಕು, ಇಲ್ಲವೇ ಐಚ್ಛಿಕಗಳಲ್ಲಿ ಆವೃತ್ತಿಗಳಿಲ್ಲದ ಹಣಕಾಸು ನಿರ್ವಹಣೆ, ಕಾರ್ಯಕ್ಷಮತೆ ನಿರ್ವಹಣೆಗಳನ್ನು ಹಿಡಿಯಬೇಕು.

ಎಲ್ಲ ಪತ್ರಿಕೆಗಳಿಗೂ ತೇರ್ಗಡೆಯ ಅಂಕ 50. ಕೊನೆಯ ಹಂತದ ಪತ್ರಿಕೆಗಳನ್ನು ಅದರಲ್ಲಿ ಮೊದಲನೆಯದು ಪಾಸಾದ ಏಳು ವರ್ಷದೊಳಗೆ ಮುಗಿಸಬೇಕು; ಸದಸ್ಯತ್ವಕ್ಕೆ 36 ತಿಂಗಳ ಅನುಭವವೂ ಬೇಕು. ಆವೃತ್ತಿಗಳ ಪಟ್ಟಿ ಸ್ಥಿರವಾದದ್ದಲ್ಲ. ಬರೆಯುವವರು ಕಡಿಮೆಯಾದ ದೇಶಗಳ ಪತ್ರಿಕೆಗಳನ್ನು ಸಂಸ್ಥೆ ಕೈಬಿಟ್ಟದ್ದುಂಟು, 2027ರಿಂದ ಅರ್ಹತೆಯ ರಚನೆಯನ್ನೇ ಬದಲಿಸುವುದಾಗಿಯೂ ಪ್ರಕಟಿಸಿದೆ. ಹೀಗಾಗಿ ಹಿರಿಯ ವಿದ್ಯಾರ್ಥಿ ಎರಡು ವರ್ಷದ ಹಿಂದೆ ಗುರುತು ಹಾಕಿದ ಆವೃತ್ತಿಯನ್ನು ಕಣ್ಣುಮುಚ್ಚಿ ಅನುಸರಿಸುವಂತಿಲ್ಲ. ಬರೆಯಲಿರುವ ಪರೀಕ್ಷಾ ಅವಧಿಯ ಆವೃತ್ತಿಗಳ ಪಟ್ಟಿ, ಆ ಅವಧಿಗೆ ಅನ್ವಯಿಸುವ ಪಠ್ಯಕ್ರಮ, ತೆರಿಗೆಯಾದರೆ ಯಾವ ವರ್ಷದ ಹಣಕಾಸು ಕಾಯ್ದೆ ಎಂಬ ಮೂರನ್ನೂ ಶುಲ್ಕ ಕಟ್ಟುವ ಮೊದಲು ನೋಡಿಕೊಳ್ಳಬೇಕು.